ವಾರಸುದಾರರಿಲ್ಲದ ಠೇವಣಿ: ನಾಡಕಚೇರಿಯಲ್ಲೇ ಆಗಬೇಕಾದ ಕೆಲಸ

ಮಾನ್ಯ ಸಂಪಾದಕರೇ,

ಬ್ಯಾಂಕುಗಳಲ್ಲಿ ಕೇಳುವವರಿಲ್ಲದೆ ಉಳಿದ ಠೇವಣಿಯ ಸುದ್ದಿ ಆಗಾಗ ಬರುತ್ತದೆ. 2024ರ ಮಾರ್ಚ್ ಅಂತ್ಯಕ್ಕೆ ರಿಸರ್ವ್ ಬ್ಯಾಂಕಿನ ‘ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿ’ಯಲ್ಲಿ 78,213 ಕೋಟಿ ರೂಪಾಯಿ ಇತ್ತು. ಹತ್ತು ವರ್ಷ ವಹಿವಾಟಿಲ್ಲದ ಖಾತೆಯ ಹಣ, ಅವಧಿ ಮುಗಿದು ಹತ್ತು ವರ್ಷವಾದರೂ ಯಾರೂ ಕೇಳದ ಮುದ್ದತು ಠೇವಣಿ, ಎರಡೂ 2014ರಿಂದ ಈ ನಿಧಿಗೆ ಸೇರುತ್ತಿವೆ. ಅಲ್ಲಿಗೆ ಹೋದ ಹಣ ಸರ್ಕಾರದ ಪಾಲಾಯಿತು ಎಂದು ಕೈಚೆಲ್ಲಿದ ಕುಟುಂಬಗಳು ನಮ್ಮಲ್ಲಿ ಬಹಳ. ಹಾಗೇನೂ ಆಗಿಲ್ಲ. ಆ ಹಣವನ್ನು ಎಷ್ಟು ವರ್ಷದ ನಂತರ ಬೇಕಾದರೂ ಕೇಳಬಹುದು. ಬಡ್ಡಿ ಬರುವ ಖಾತೆಯಾಗಿದ್ದರೆ ನಿಧಿಯಲ್ಲಿದ್ದ ಕಾಲಕ್ಕೂ ಸರಳ ಬಡ್ಡಿ ಸಿಗುತ್ತದೆ. 2018ರ ಜೂನ್‌ವರೆಗೆ ಶೇ 4, ನಂತರ 2021ರ ಮೇ 10ರವರೆಗೆ ಶೇ 3.5, ಅಲ್ಲಿಂದ ಈಚೆಗೆ ಶೇ 3ರ ದರ ನಿಗದಿಯಾಗಿದೆ. ಅರ್ಜಿ ಕೊಡಬೇಕಾದ್ದು ಖಾತೆ ಇದ್ದ ಬ್ಯಾಂಕಿಗೆ. ಬ್ಯಾಂಕು ಮೊದಲು ಗ್ರಾಹಕರಿಗೆ ಕೊಟ್ಟು, ಆಮೇಲೆ ನಿಧಿಯಿಂದ ವಾಪಸು ಪಡೆಯುತ್ತದೆ.

ನಿಯಮ ಇಷ್ಟು ನೇರವಾಗಿದ್ದರೂ ಹಣ ಯಾಕೆ ಸಿಗುತ್ತಿಲ್ಲ? ಬ್ಯಾಂಕು, ವಿಮೆ ಎರಡೂ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿವೆ. ಆದರೆ ಹಕ್ಕು ಸಾಬೀತು ಮಾಡುವ ಕಾಗದಗಳೆಲ್ಲ ಹುಟ್ಟುವುದು ರಾಜ್ಯದ ಕಚೇರಿಗಳಲ್ಲಿ. ಮರಣ ಪ್ರಮಾಣಪತ್ರ, ಜೀವಂತ ಸದಸ್ಯರ ಪ್ರಮಾಣಪತ್ರ, ವಂಶವೃಕ್ಷ ಯಾವುದೂ ರಿಸರ್ವ್ ಬ್ಯಾಂಕಿನಿಂದ ಬರುವುದಿಲ್ಲ. ರಾಜ್ಯ ಸರ್ಕಾರ ಇದು ನಮಗೆ ಸಂಬಂಧಿಸಿದ್ದಲ್ಲ ಎಂದು ಕೂರುವಂತಿಲ್ಲ ಎನ್ನುವುದಕ್ಕೇ ಈ ಪತ್ರ.

ಮೊದಲು ಹುಡುಕುವ ವಿಚಾರ. 2023ರ ಆಗಸ್ಟ್‌ನಲ್ಲಿ ಶುರುವಾದ ರಿಸರ್ವ್ ಬ್ಯಾಂಕಿನ ‘ಉದ್ಗಮ್’ ಪೋರ್ಟಲ್‌ನಲ್ಲಿ 30 ಬ್ಯಾಂಕುಗಳ ವಾರಸುದಾರರಿಲ್ಲದ ಖಾತೆಗಳನ್ನು ಒಂದೇ ಕಡೆ ಹುಡುಕಬಹುದು. ಮೊಬೈಲ್ ಸಂಖ್ಯೆಯಿಂದ ನೋಂದಾಯಿಸಿಕೊಂಡು ಖಾತೆದಾರರ ಹೆಸರಿನ ಜೊತೆ ಪ್ಯಾನ್, ಮತದಾರರ ಗುರುತಿನ ಚೀಟಿ, ಚಾಲನಾ ಪರವಾನಗಿ, ಪಾಸ್‌ಪೋರ್ಟ್ ಸಂಖ್ಯೆ ಅಥವಾ ಹುಟ್ಟಿದ ದಿನಾಂಕದಲ್ಲಿ ಒಂದನ್ನು ಕೊಡಬೇಕು. ಇವು ಯಾವುವೂ ಇಲ್ಲದಿದ್ದರೆ ವಿಳಾಸ ಹಾಕಬಹುದು. ನಮ್ಮ ಹಳ್ಳಿಗಳ ಹಳೆಯ ಖಾತೆಗಳು ಎಡವುವುದು ಇಲ್ಲೇ. ಮೂವತ್ತು ವರ್ಷದ ಹಿಂದೆ ಖಾತೆ ತೆರೆದಾಗ ಪ್ಯಾನ್ ಕೇಳಿರಲಿಲ್ಲ, ಹುಟ್ಟಿದ ದಿನಾಂಕ ಅನೇಕರಿಗೆ ಗೊತ್ತೇ ಇರಲಿಲ್ಲ. ಹೆಸರೋ, ಗುಮಾಸ್ತರು ಇಂಗ್ಲಿಷಿನಲ್ಲಿ ಬರೆದುಕೊಂಡದ್ದೇ ಹೆಸರು. ಲಕ್ಷ್ಮಮ್ಮನ ಹೆಸರಿಗೆ ಒಬ್ಬರು ‘ಎಕ್ಸ್’ ಹಾಕಿದರೆ ಇನ್ನೊಬ್ಬರು ‘ಕೆ, ಎಸ್, ಎಚ್’ ಹಾಕಿದ್ದಾರೆ. ಆಧಾರ್‌ನಲ್ಲಿ ಗಂಡನ ಹೆಸರು ಸೇರಿದೆ, ಪಾಸ್‌ಬುಕ್ಕಿನಲ್ಲಿ ಊರಿನ ಇನಿಷಿಯಲ್ ಮಾತ್ರ ಇದೆ. ಆದ್ದರಿಂದ ಒಮ್ಮೆ ಹುಡುಕಿ ‘ದಾಖಲೆ ಇಲ್ಲ’ ಎಂದು ಬಂದರೆ ಬಿಟ್ಟುಬಿಡಬೇಡಿ. ಪಾಸ್‌ಬುಕ್ ಅಥವಾ ಠೇವಣಿ ರಸೀದಿಯಲ್ಲಿ ಹೇಗಿದೆಯೋ ಅದೇ ಕಾಗುಣಿತದಲ್ಲಿ, ಇನಿಷಿಯಲ್ ಹಿಂದೆ ಮುಂದೆ ಮಾಡಿ, ಇನಿಷಿಯಲ್ ಬಿಟ್ಟು, ಹೀಗೆ ಬದಲಿಸಿ ಬದಲಿಸಿ ಹುಡುಕಿ. ಸಿಕ್ಕರೆ ತೆರೆಯ ಮೇಲೆ ಬರುವ ‘ಯುಡಿಆರ್‌ಎನ್’ ಎಂಬ ಉಲ್ಲೇಖ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಬ್ಯಾಂಕಿನವರಿಗೆ ಬೇಕಾದ್ದು ಅದೇ.

ಬ್ಯಾಂಕಿನ ಹೆಸರೇ ಬದಲಾಗಿರುವುದು ಕರ್ನಾಟಕದವರಿಗೆ ಇನ್ನೊಂದು ಗೋಜಲು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ವೈಶ್ಯ ಬ್ಯಾಂಕಿನ ಹಳೆಯ ರಸೀದಿ ಇದ್ದವರು ಕೊಟಕ್ ಮಹೀಂದ್ರ ಬ್ಯಾಂಕಿನಲ್ಲಿ ಕೇಳಬೇಕು. ಹಳೆಯ ಶಾಖೆ ಮುಚ್ಚಿದೆ ಎಂಬ ಕಾರಣಕ್ಕೆ ಸಾಲಗಾರರ ಸಾಲ ಮನ್ನಾ ಆಗಿಲ್ಲ, ಠೇವಣಿದಾರರ ಹಕ್ಕೂ ಹೋಗಿಲ್ಲ.

ಖಾತೆದಾರರು ಬದುಕಿದ್ದರೆ ಕೆಲಸ ಸಲೀಸು. 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಆ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಕೆವೈಸಿ (ಗುರುತು ಮತ್ತು ವಿಳಾಸದ ದಾಖಲೆ) ಕೊಡಬಹುದು. ಪೂರ್ಣ ಅರ್ಜಿ ತಲುಪಿದ ಮೂರು ಕೆಲಸದ ದಿನಗಳಲ್ಲಿ ಅದನ್ನು ಇತ್ಯರ್ಥ ಮಾಡಬೇಕು. ಖಾತೆ ಚಾಲ್ತಿಗೆ ತರಲು ಶುಲ್ಕ ಕೇಳುವಂತಿಲ್ಲ, ನಿಷ್ಕ್ರಿಯ ಖಾತೆಗೆ ಕನಿಷ್ಠ ಬಾಕಿ ಇಲ್ಲವೆಂದು ದಂಡ ಹಾಕುವಂತಿಲ್ಲ.

ಖಾತೆದಾರರು ತೀರಿಕೊಂಡಿದ್ದರೆ ಮೊದಲು ನೋಡಬೇಕಾದ್ದು ನಾಮಿನಿ ಇದ್ದಾರೆಯೇ ಎಂದು. ಇದ್ದರೆ ಕ್ಲೇಮ್ ಫಾರ್ಮ್, ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ದಾಖಲೆ ಸಾಕು. (ನಾಮಿನಿ ಹಣ ಪಡೆಯಬಹುದೇ ಹೊರತು ಅದರ ಒಡೆಯರಾಗುವುದಿಲ್ಲ, ವಾರಸುದಾರರ ಪಾಲು ಹಾಗೇ ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಅಣ್ಣತಮ್ಮಂದಿರ ಜಗಳಗಳಲ್ಲಿ ಅರ್ಧ ಈ ತಪ್ಪು ತಿಳಿವಳಿಕೆಯಿಂದಲೇ ಬೆಳೆಯುತ್ತವೆ.) ನಾಮಿನಿ ಇಲ್ಲದಿದ್ದಾಗ ಕೌಂಟರಿನಲ್ಲಿ ‘ಕೋರ್ಟಿನಿಂದ ಸಕ್ಸೆಷನ್ ಸರ್ಟಿಫಿಕೇಟ್ (ಉತ್ತರಾಧಿಕಾರ ಪ್ರಮಾಣಪತ್ರ) ತನ್ನಿ’ ಎಂದುಬಿಡುತ್ತಾರೆ. ಇಪ್ಪತ್ತು ಸಾವಿರದ ಠೇವಣಿಗೆ ಯಾರು ವಕೀಲರನ್ನು ಹಿಡಿಯುತ್ತಾರೆ? 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿರ್ದೇಶನ ಇದಕ್ಕೆ ಉತ್ತರ ಕೊಟ್ಟಿದೆ. ವಾಣಿಜ್ಯ ಬ್ಯಾಂಕುಗಳಲ್ಲಿ 15 ಲಕ್ಷ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷ ರೂಪಾಯಿವರೆಗೆ ವಿವಾದವಿಲ್ಲದ ಕ್ಲೇಮುಗಳನ್ನು ಸರಳ ವಿಧಾನದಲ್ಲೇ ಮುಗಿಸಬೇಕು. ಕ್ಲೇಮ್ ಮಾಡುವವರ ನಷ್ಟಭರ್ತಿ ಪತ್ರ (ಮುಂದೆ ಬೇರೆಯವರು ಹಕ್ಕು ಕೇಳಿದರೆ ಬ್ಯಾಂಕಿನ ನಷ್ಟ ತುಂಬಿಕೊಡುತ್ತೇವೆ ಎಂಬ ಬರಹ), ಉಳಿದ ವಾರಸುದಾರರ ಒಪ್ಪಿಗೆ ಪತ್ರ, ವಾರಸುದಾರರ ಪ್ರಮಾಣಪತ್ರ ಇದ್ದರಾಯಿತು. ವಾರಸುದಾರರ ಪ್ರಮಾಣಪತ್ರ ಇಲ್ಲವಾದರೆ ಕುಟುಂಬವನ್ನು ಚೆನ್ನಾಗಿ ಬಲ್ಲ, ಸಂಬಂಧಿಯಲ್ಲದ, ಬ್ಯಾಂಕಿಗೆ ಒಪ್ಪಿಗೆಯಾಗುವ ವ್ಯಕ್ತಿಯ ಘೋಷಣೆ ಸಾಕು. ಹೊರಗಿನವರ ಜಾಮೀನು ಬೇಕಿಲ್ಲ. ಎಲ್ಲ ದಾಖಲೆ ಸಿಕ್ಕ 15 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬ್ಯಾಂಕು ಪರಿಹಾರ ಬಡ್ಡಿ ಕಟ್ಟಬೇಕು. ದಾಖಲೆ ಕೊಟ್ಟಾಗ ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳದಿದ್ದರೆ ಈ 15 ದಿನ ಯಾವತ್ತು ಶುರುವಾಯಿತು ಎನ್ನುವುದೇ ತಕರಾರಾಗುತ್ತದೆ. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಸರಿಯಾಗದಿದ್ದರೆ ದೂರು ಸಲ್ಲಿಸಲು ರಿಸರ್ವ್ ಬ್ಯಾಂಕಿನ ಸಿಎಂಎಸ್ ಪೋರ್ಟಲ್ ಇದೆ, 14448 ಸಹಾಯವಾಣಿ ಇದೆ.

ವಿಮೆಯಲ್ಲಿ ನಷ್ಟ ಇನ್ನೂ ಸದ್ದಿಲ್ಲದ್ದು. ಕಂತು ನಿಂತ ಪಾಲಿಸಿ ಸತ್ತೇಹೋಯಿತು ಎಂದು ಬಾಂಡನ್ನು ಹರಿದು ಹಾಕಿದವರಿದ್ದಾರೆ. ಹಳೆಯ ಎಂಡೋಮೆಂಟ್ ಪಾಲಿಸಿಗೆ (ಅವಧಿ ಮುಗಿದಾಗಲೂ ಹಣ ಬರುವಂಥದ್ದು) ಮೂರು ವರ್ಷ ಪೂರ್ತಿ ಕಂತು ಕಟ್ಟಿದ್ದರೆ ಸಾಮಾನ್ಯವಾಗಿ ಅದು ‘ಪೇಡ್ ಅಪ್’ ಆಗಿ, ಅಂದರೆ ಕಟ್ಟಿದ ಕಂತಿಗೆ ತಕ್ಕಷ್ಟು ಮೊತ್ತಕ್ಕೆ, ಉಳಿಯುತ್ತದೆ. ಇಪ್ಪತ್ತು ವರ್ಷದ ಒಂದು ಲಕ್ಷದ ಪಾಲಿಸಿಗೆ ಐದು ವರ್ಷ ಕಟ್ಟಿದ್ದರೆ 25,000 ರೂಪಾಯಿ, ಅದರ ಮೇಲೆ ಅಷ್ಟರಲ್ಲಿ ಸೇರಿದ್ದ ಬೋನಸ್. ಹತ್ತು ವರ್ಷ ಯಾರೂ ಕೇಳದ ವಿಮಾ ಹಣ ಕೇಂದ್ರದ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ಬ್ಯಾಂಕ್ ಠೇವಣಿಗಿಲ್ಲದ ಗಡುವು ಇದಕ್ಕಿದೆ: ಅಲ್ಲಿಂದ 25 ವರ್ಷದೊಳಗೆ ಕೇಳದಿದ್ದರೆ ಶಾಶ್ವತವಾಗಿ ಸರ್ಕಾರದ್ದು. ವಿಮಾ ಕಂಪನಿಗಳ ಜಾಲತಾಣಗಳಲ್ಲಿ ಹೆಸರು, ಹುಟ್ಟಿದ ದಿನಾಂಕ, ಪಾಲಿಸಿ ಸಂಖ್ಯೆ ಕೊಟ್ಟು ಹುಡುಕಬಹುದು.

ತೀರಿಕೊಂಡವರ ಪಾಸ್‌ಬುಕ್ಕಿನಲ್ಲಿ ಮೇ ತಿಂಗಳ ಕೊನೆಯ ಸಾಲುಗಳನ್ನು ತಪ್ಪದೆ ನೋಡಿ. 436 ರೂಪಾಯಿ ಕಡಿತವಾಗಿದ್ದರೆ (2022ಕ್ಕೆ ಮೊದಲು 330) ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ, ಎರಡು ಲಕ್ಷ ರೂಪಾಯಿಯದು. 20 ರೂಪಾಯಿ (ಹಿಂದೆ 12) ಆಗಿದ್ದರೆ ಪ್ರಧಾನಮಂತ್ರಿ ಸುರಕ್ಷಾ ವಿಮೆ, ಅಪಘಾತದ ಸಾವಿಗೆ ಎರಡು ಲಕ್ಷ. ಬ್ಯಾಂಕು ತಾನಾಗಿ ಫೋನ್ ಮಾಡಿ ಹೇಳಲಿ ಎಂದು ಕಾಯಬೇಡಿ. ಖಾತೆ ಮುಚ್ಚುವ ಅರ್ಜಿಯ ಜೊತೆಗೇ ಈ ಕ್ಲೇಮನ್ನೂ ಹಾಕಿ.

ಇನ್ನು ಪತ್ತಿನ ಸಹಕಾರ ಸಂಘ ಮತ್ತು ಸೌಹಾರ್ದ ಸಹಕಾರಿಗಳಲ್ಲಿ ಇಟ್ಟ ಹಣ. ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರಿ) ಬ್ಯಾಂಕ್, ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನ ಈ ನಿಯಮಗಳು ಅನ್ವಯಿಸುತ್ತವೆ. ಸಂಘಗಳಿಗೆ ಅನ್ವಯಿಸುವುದಿಲ್ಲ. ಅವು ಉದ್ಗಮ್‌ನಲ್ಲೂ ಇಲ್ಲ, ಐದು ಲಕ್ಷದ ಠೇವಣಿ ವಿಮೆಯೂ ಅವಕ್ಕಿಲ್ಲ. ಅವು ನಡೆಯುವುದು 1959ರ ಮತ್ತು 1997ರ ನಮ್ಮದೇ ರಾಜ್ಯದ ಕಾಯ್ದೆಗಳ ಕೆಳಗೆ. ಅಲ್ಲಿ ಸತ್ತವರ ಪಿಗ್ಮಿ ಹಣ, ಷೇರು ಹಣ, ಠೇವಣಿ ಎಷ್ಟಿದೆ ಎಂದು ಹುಡುಕಲು ಸಾರ್ವಜನಿಕರಿಗೆ ಒಂದು ಪಟ್ಟಿಯಾದರೂ ಬೇಡವೇ?

ಆದ್ದರಿಂದ ಕಂದಾಯ ಮತ್ತು ಸಹಕಾರ ಇಲಾಖೆಗಳಿಗೆ ನಮ್ಮ ಕೋರಿಕೆ ಇದು. ಜಮೀನಿನ ಪೌತಿ ಖಾತೆಗೆಂದು (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಗ್ರಾಮ ಆಡಳಿತಾಧಿಕಾರಿ ವಂಶವೃಕ್ಷ ತಯಾರಿಸುವಾಗಲೇ ಅದೇ ಮಾಹಿತಿಯಿಂದ ಜೀವಂತ ಸದಸ್ಯರ ಪ್ರಮಾಣಪತ್ರವನ್ನೂ ಕೊಡಲಿ, ಒಂದೇ ಕುಟುಂಬ ಎರಡು ಬಾರಿ ಅಲೆಯುವುದು ತಪ್ಪಲಿ. ಆ ಪ್ರಮಾಣಪತ್ರದಲ್ಲಿ ಮೃತರ ಹೆಸರಿನ ಮುಂದೆ ‘ಇವರಿಗೆ ಈ ಹೆಸರುಗಳೂ ಇದ್ದವು’ ಎಂದು ಪಾಸ್‌ಬುಕ್, ಆಧಾರ್, ಪಹಣಿಯಲ್ಲಿರುವ ಹೆಸರುಗಳನ್ನು ನಮೂದಿಸಲು ಒಂದು ಅಂಕಣ ಸೇರಿಸಲಿ. ಬ್ಯಾಂಕಿನಲ್ಲಿ ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ಹೆಸರಿನ ವ್ಯತ್ಯಾಸಕ್ಕೆ. ನಾಡಕಚೇರಿಯ ಗಣಕಯಂತ್ರದಲ್ಲೇ ಉದ್ಗಮ್ ತೆರೆದು ಹುಡುಕಿಕೊಡುವ ಸೇವೆ ಇರಲಿ. ಸಹಕಾರ ಸಂಘಗಳ ನಿಬಂಧಕರು ಪ್ರತಿ ಸಂಘದಿಂದ ಹತ್ತು ವರ್ಷ ಮೀರಿದ ಠೇವಣಿಗಳ ಪಟ್ಟಿ ತರಿಸಿ, ಕನ್ನಡದಲ್ಲಿ, ಆಯಾ ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಾಕಿಸಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಎರಡು ಸುತ್ತೋಲೆ ಸಾಕು.

ಇತಿ,
ನಿವೃತ್ತ ಬ್ಯಾಂಕ್ ಮತ್ತು ವಿಮಾ ನೌಕರರು, ಹಾಸನ