ಕೆಲಸ ಬೇಕು ಅಂತ ಬರೀತಾರೆ, ಏನು ಕೆಲಸ ಗೊತ್ತು ಅಂತ ಬರೆಯಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಉದ್ಯೋಗ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಸರ್ಕಾರಿ ಕೆಲಸದ ಅರ್ಜಿ ಹೇಗೆ ತುಂಬಬೇಕು, ಕೊನೇ ದಿನ ಯಾವಾಗ, ಫೋಟೋ ಎಷ್ಟು ಕೆಬಿ ಇರಬೇಕು, ಎಲ್ಲ ಚೆನ್ನಾಗಿ ಕೊಡುತ್ತೀರಿ. ಖಾಸಗಿ ಕೆಲಸದ ಮಾತು ಬಂದಾಗ ಮಾತ್ರ 'ಲಿಂಕ್ಡ್‌ಇನ್‌ನಲ್ಲಿ ಖಾತೆ ತೆರೆಯಿರಿ' ಅಂತ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತೀರಿ. ಕೆಲಸ ಕೊಡುವವರೂ ಹುಡುಕುವವರೂ ಸೇರುವ ಆ ಜಾಲತಾಣದಲ್ಲಿ ಖಾತೆ ತೆರೆಯುವುದು ದೊಡ್ಡ ವಿಷಯವೇ ಅಲ್ಲ. ನಮ್ಮ ಬೀದಿಯಲ್ಲಿ ಡಿಗ್ರಿ ಮುಗಿಸಿದ ಎಲ್ಲ ಮಕ್ಕಳಿಗೂ ಖಾತೆ ಇದೆ. ಫೋನ್ ಮಾತ್ರ ಬರುತ್ತಿಲ್ಲ.

ನಾನು ಬೆಂಗಳೂರಿನಲ್ಲಿ ಒಂಬತ್ತು ವರ್ಷ ಕಂಪನಿಗಳಿಗೆ ಜನ ಹುಡುಕಿಕೊಡುವ ಕೆಲಸ ಮಾಡಿದವಳು. ಅಮ್ಮನಿಗೆ ಹುಷಾರಿಲ್ಲ ಅಂತ ಹಾಸನಕ್ಕೆ ವಾಪಸ್ ಬಂದು ಈಗ ಮನೆಯಿಂದಲೇ ಅದೇ ಕೆಲಸ ಮಾಡುತ್ತಿದ್ದೇನೆ. ಸಂಜೆ ಹೊತ್ತು ಅಕ್ಕಪಕ್ಕದ ಮಕ್ಕಳು ಮೊಬೈಲ್ ಹಿಡಿದುಕೊಂಡು "ಅಕ್ಕಾ, ಒಂದ್ಸಲ ನೋಡಿ" ಅಂತ ಬರುತ್ತಾರೆ. ನೋಡಿ ನೋಡಿ ಒಂದು ಮಾತು ಬರೆಯಲೇಬೇಕು ಅನ್ನಿಸಿತು.

ನಮ್ಮಂಥವರು ಪ್ರೊಫೈಲ್‌ಗಳನ್ನು ಸುಮ್ನೆ ತಿರುವಿ ಹಾಕುತ್ತಾ ಕೂರುವುದಿಲ್ಲ. ಹುದ್ದೆಯ ಹೆಸರು, ಊರು, ಬೇಕಾದ ಎರಡು ಮೂರು ಕೆಲಸದ ಪದ ಹಾಕಿ ಹುಡುಕುತ್ತೇವೆ. ನೂರಾರು ಹೆಸರು ಬೀಳುತ್ತವೆ. ಎರಡು ಮೂರು ಪುಟ ನೋಡುವಷ್ಟರಲ್ಲಿ ಊಟದ ಹೊತ್ತು. ಅಲ್ಲಿ ಮೊದಲು ಕಣ್ಣಿಗೆ ಬೀಳುವುದು ಫೋಟೋ, ಹೆಸರು, ಅದರ ಕೆಳಗೆ ಹೆಡ್‌ಲೈನ್ ಅನ್ನುವ ಒಂದು ಸಾಲು. ಅದಕ್ಕೆ 220 ಅಕ್ಷರದ ಜಾಗ ಕೊಟ್ಟಿದ್ದಾರೆ. ನಮ್ಮ ಮಕ್ಕಳು ಅಲ್ಲಿ 'ಸೀಕಿಂಗ್ ಆಪರ್ಚುನಿಟಿ' ಅಂತಲೋ, 'ಹಾರ್ಡ್‌ವರ್ಕಿಂಗ್ ಅಂಡ್ ಸಿನ್ಸಿಯರ್' ಅಂತಲೋ ಬರೆದಿರುತ್ತಾರೆ. ಸಿನ್ಸಿಯರ್ ಅಂತ ಟೈಪ್ ಮಾಡಿ ಯಾರೂ ಜನ ಹುಡುಕಲ್ಲ.

ಹೋದ ತಿಂಗಳು ಎದುರು ಮನೆ ಹುಡುಗ ಬಂದಿದ್ದ. ಮೆಕ್ಯಾನಿಕಲ್ ಡಿಪ್ಲೊಮಾ, ಇಲ್ಲೇ ಒಂದು ಬಟ್ಟೆ ಕಾರ್ಖಾನೆಯಲ್ಲಿ ಮೂರು ವರ್ಷದಿಂದ ಮೇಂಟೆನೆನ್ಸ್ ವಿಭಾಗದಲ್ಲಿದ್ದಾನೆ. ಫೋಟೋ ಯಾರದೋ ಮದುವೆಯ ಗ್ರೂಪ್ ಫೋಟೋದಿಂದ ಕತ್ತರಿಸಿದ್ದು, ಹೆಗಲ ಮೇಲೆ ಬಳೆ ತೊಟ್ಟ ಒಂದು ಕೈ ಹಾಗೇ ಉಳಿದಿತ್ತು. ಅನುಭವ ಅನ್ನುವ ಕಡೆ ಕಂಪನಿ ಹೆಸರು, ಇಸವಿ, ಅಷ್ಟೇ. "ದಿನಾ ಏನು ಮಾಡ್ತೀಯೋ?" ಅಂದೆ. "ಏನಿಲ್ಲ ಅಕ್ಕಾ, ಮೆಷಿನ್ ನಿಂತ್ರೆ ರೆಡಿ ಮಾಡೋದು" ಅಂದ. ನಾನು ಬಿಡಲಿಲ್ಲ, ಕಾಫಿ ಕೊಟ್ಟು ಕೂರಿಸಿಕೊಂಡು ಕೆದಕಿದೆ. ಆಗ ಒಂದೊಂದಾಗಿ ಹೊರಗೆ ಬಂತು. ನೂರಾ ಇಪ್ಪತ್ತು ಹೊಲಿಗೆ ಮೆಷಿನ್, ಎರಡು ಏರ್ ಕಂಪ್ರೆಸರ್, ಎಲ್ಲದರ ಪ್ರಿವೆಂಟಿವ್ ಮೇಂಟೆನೆನ್ಸ್ (ಕೆಡುವ ಮೊದಲೇ ಮಾಡುವ ನಿರ್ವಹಣೆ) ಚೆಕ್‌ಲಿಸ್ಟ್ ವಾರ ವಾರ ತುಂಬುವವನು ಇವನೇ, ಬಿಡಿಭಾಗಗಳ ಲೆಕ್ಕ ಎಕ್ಸೆಲ್‌ನಲ್ಲಿ ಇಡುವವನೂ ಇವನೇ, ರಾತ್ರಿ ಪಾಳಿಯಲ್ಲಿ ಇಬ್ಬರು ಹೆಲ್ಪರ್‌ಗಳು ಇವನ ಕೈಕೆಳಗೆ. ಇಷ್ಟನ್ನೂ "ಏನಿಲ್ಲ ಅಕ್ಕಾ" ಅನ್ನುವುದರೊಳಗೆ ಮುಚ್ಚಿಟ್ಟುಕೊಂಡಿದ್ದ!

ತಪ್ಪು ಅವನದೊಂದೇ ಅಲ್ಲ. ತನ್ನ ಬಗ್ಗೆ ತಾನೇ ಹೇಳಿಕೊಂಡರೆ ಜಂಬ ಅಂತ ಬೈದೇ ನಾವು ಮಕ್ಕಳನ್ನು ಬೆಳೆಸಿರುತ್ತೇವೆ, ಅಲ್ವಾ? ಆದರೆ ಮಾಡಿದ ಕೆಲಸ ಹೇಳುವುದು ಜಂಬ ಅಲ್ಲ. ಆವತ್ತು ಅವನ ಹೆಡ್‌ಲೈನ್‌ನಲ್ಲಿ 'ಮೇಂಟೆನೆನ್ಸ್ ಟೆಕ್ನಿಷಿಯನ್, ಗಾರ್ಮೆಂಟ್ಸ್, 3 ವರ್ಷ' ಅಂತ ಹಾಕಿ, ಪಕ್ಕದಲ್ಲೇ ಕಂಪ್ರೆಸರ್, ಪ್ರಿವೆಂಟಿವ್ ಮೇಂಟೆನೆನ್ಸ್ ಎರಡನ್ನೂ ಸೇರಿಸಿದೆವು. ಮೆಷಿನ್ ಸಂಖ್ಯೆ ಅನುಭವದ ಕೆಳಗೆ ಹೋಯಿತು. ಬೆಳಗಿನ ಬಿಸಿಲಲ್ಲಿ ತಾರಸಿಯ ಗೋಡೆ ಮುಂದೆ ನಿಲ್ಲಿಸಿ ಫೋಟೋ ತೆಗೆದಿದ್ದು ಅವನ ತಂಗಿ. ಪವಾಡವೇನೂ ಆಗಿಲ್ಲ. ಒಂದು ತಿಂಗಳಲ್ಲಿ ಎರಡು ಕರೆ ಬಂದಿವೆ, ಒಂದು ಮೈಸೂರಿನಿಂದ. ಹಿಂದಿನ ಎರಡು ವರ್ಷದಲ್ಲಿ ಬಂದಿದ್ದು ಸೊನ್ನೆ.

ಊರಿನ ವಿಷಯದಲ್ಲೂ ಗೊಂದಲ ಜಾಸ್ತಿ. ಹಾಸನ ಅಂತ ಹಾಕಿದರೆ ಬೆಂಗಳೂರು ಅಂತ ಹುಡುಕುವವರ ಕಣ್ಣಿಗೆ ಬೀಳದೆ ಹೋಗಬಹುದು. ಅದಕ್ಕೇ ಕೆಲವರು ಸುಳ್ಳೇ ಬೆಂಗಳೂರು ಅಂತ ಹಾಕಿ, "ನಾಳೆ ಹನ್ನೊಂದಕ್ಕೆ ಬನ್ನಿ" ಅಂದಾಗ ರಾತ್ರಿ ಬಸ್ ಹಿಡಿಯುತ್ತಾರೆ. ಅದು ಬೇಕಿಲ್ಲ. ಕೆಲಸ ಹುಡುಕುತ್ತಿದ್ದೇನೆ ಅಂತ ತಿಳಿಸುವ 'ಓಪನ್ ಟು ವರ್ಕ್' ಅನ್ನುವಲ್ಲಿ ಎಲ್ಲೆಲ್ಲಿ ಕೆಲಸ ಮಾಡಲು ತಯಾರಿದ್ದೀರಿ ಅಂತ ಕೇಳುತ್ತದೆ. ಅಲ್ಲಿ ಬೆಂಗಳೂರು, ಮೈಸೂರು ಎರಡೂ ಸೇರಿಸಿ. ಈಗಾಗಲೇ ಕೆಲಸದಲ್ಲಿರುವವರು ಮಾತ್ರ ಹುಷಾರು. ಎಲ್ಲರಿಗೂ ತೋರಿಸು ಅಂದರೆ ಫೋಟೋ ಸುತ್ತ ಹಸಿರು ಪಟ್ಟಿ ಬರುತ್ತದೆ, ನಿಮ್ಮ ಮ್ಯಾನೇಜರ್ ಕೂಡ ನೋಡುತ್ತಾರೆ. ರಿಕ್ರೂಟರ್‌ಗಳಿಗೆ, ಅಂದರೆ ನನ್ನ ಹಾಗೆ ಜನ ಹುಡುಕುವವರಿಗೆ ಮಾತ್ರ ಅಂತ ಆರಿಸಿಕೊಂಡರೆ ನಿಮ್ಮದೇ ಕಂಪನಿಯವರಿಗೆ ಕಾಣದಂತೆ ನೋಡಿಕೊಳ್ಳುತ್ತಾರೆ, ಆದರೆ ಪೂರ್ತಿ ಗ್ಯಾರಂಟಿ ಇಲ್ಲ ಅಂತ ಲಿಂಕ್ಡ್‌ಇನ್‌ನವರೇ ಹೇಳಿದ್ದಾರೆ.

ಇನ್ನೊಂದು ಸಣ್ಣ ವಿಷಯ, ಆದರೆ ಇದರಿಂದಲೇ ಎಷ್ಟೋ ಜನ ಕೆಟ್ಟಿದ್ದಾರೆ. ಫೈನಲ್ ಇಯರ್‌ನಲ್ಲಿ ಕಾಲೇಜು ಕೊಟ್ಟ ಇಮೇಲ್‌ನಲ್ಲಿ ಖಾತೆ ತೆರೆದಿರುತ್ತಾರೆ. ಕಾಲೇಜು ಬಿಟ್ಟ ಮೇಲೆ ಆ ಇಮೇಲ್ ಬಂದ್. ಪಾಸ್‌ವರ್ಡ್ ಮರೆತರೆ ಖಾತೆಯೂ ಹೋಯಿತು, ನಾವು ಕಳಿಸಿದ ಮೆಸೇಜೂ ಹೋಯಿತು. ಮೂರು ವಾರದ ಮೇಲೆ ಮೆಸೇಜ್ ನೋಡಿ "ಮೇಡಂ, ಆ ಕೆಲಸ ಇನ್ನೂ ಇದೆಯಾ?" ಅಂತ ಕೇಳುವವರೂ ಇದ್ದಾರೆ. ಹಾಸನಾಂಬೆ ಗುಡಿಯ ಬಾಗಿಲಿನ ಹಾಗೆ ವರ್ಷಕ್ಕೊಮ್ಮೆ ಪ್ರೊಫೈಲ್ ತೆಗೆದರೆ ಆಗಲ್ಲ. ಅಮ್ಮನ ದರ್ಶನಕ್ಕಾದರೆ ಜನ ರಾತ್ರಿಯೆಲ್ಲ ಸಾಲಲ್ಲಿ ನಿಲ್ಲುತ್ತಾರೆ, ನಮಗೆ ಯಾರು ನಿಲ್ಲುತ್ತಾರೆ ಹೇಳಿ.

ದುಡ್ಡು ಕೊಟ್ಟು ಮಾಡಿಸುವ ಚಟವೂ ಶುರುವಾಗಿದೆ. ನನ್ನ ಸೋದರತ್ತೆ ಮಗಳು ಬಿಕಾಂ ಮುಗಿಸಿ ಆರು ತಿಂಗಳಾಗಿತ್ತು. ಯಾವುದೋ ಸಂಸ್ಥೆಗೆ ನಾಲ್ಕು ಸಾವಿರ ಕೊಟ್ಟು ಪ್ರೊಫೈಲ್ ಬರೆಸಿಕೊಂಡಳು. ಓದಿದರೆ, ಅವಳಿಗೆ ಹತ್ತು ವರ್ಷ ತಂಡ ಮುನ್ನಡೆಸಿದ ಅನುಭವ! ಬೇರೆ ಯಾರದೋ ಬರಹ ಹಾಗೇ ಅಂಟಿಸಿದ್ದರು. ಆಮೇಲೆ ಇಂಟರ್‌ವ್ಯೂ ಮಾಡಿಸಲು ಇನ್ನೂ ಆರು ಸಾವಿರ ಕೇಳಿದರು. ಪುಣ್ಯಕ್ಕೆ ಆಗ ನನಗೆ ಫೋನ್ ಮಾಡಿದಳು. ಕೆಲಸ ಕೊಡಿಸಲು ದುಡ್ಡು ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಆನ್‌ಲೈನ್‌ನಲ್ಲಿ ದುಡ್ಡು ಕೊಟ್ಟು ಮೋಸಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಇಲ್ಲದ ಅನುಭವ ಬರೆದುಕೊಂಡರೆ ಮುಂದೆ ಕಂಪನಿಯವರು ನಿಮ್ಮ ಭವಿಷ್ಯ ನಿಧಿ (ಪಿಎಫ್) ಖಾತೆಯ ಯುಎಎನ್ ನಂಬರ್ ಕೇಳಿದಾಗ ಸಿಕ್ಕಿಬೀಳುತ್ತೀರಿ. ಎಲ್ಲಿ ಯಾವತ್ತು ಸೇರಿ ಯಾವತ್ತು ಬಿಟ್ಟಿರಿ ಅನ್ನುವುದು ಅದರಲ್ಲಿರುತ್ತದೆ.

ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟೇ. ವಾರಕ್ಕೊಂದು ಸಲ, ಅರ್ಧ ಕಾಲಂ ಸಾಕು, ಹೆಸರು ಮುಚ್ಚಿ ಒಬ್ಬರ ಪ್ರೊಫೈಲ್ ತೆಗೆದುಕೊಂಡು ಮೊದಲು ಹೇಗಿತ್ತು, ತಿದ್ದಿದ ಮೇಲೆ ಹೇಗಾಯಿತು ಅಂತ ಹಾಕಿ. ಐಟಿ ಮಕ್ಕಳದೇ ಬೇಡ. ಕಾಫಿ ಕ್ಯೂರಿಂಗ್‌ನಲ್ಲಿ ಲೆಕ್ಕ ಬರೆಯುವವರು, ಲ್ಯಾಬ್ ಟೆಕ್ನಿಷಿಯನ್, ನರ್ಸ್, ಇವರದೂ ಬರಲಿ. ಹಾಸನದ ಕಾಲೇಜುಗಳವರೂ ಪ್ಲೇಸ್‌ಮೆಂಟ್ ತರಬೇತಿಯಲ್ಲಿ ಟೈ ಕಟ್ಟುವುದು ಹೇಳಿಕೊಡುವ ಹೊತ್ತಲ್ಲಿ ಎರಡು ಗಂಟೆ ಇದಕ್ಕೆ ಇಡಲಿ. ಶನಿವಾರ ಮಧ್ಯಾಹ್ನ ನನಗೆ ಬಿಡುವು. ಯಾರು ಕರೆದರೂ ಬರುತ್ತೇನೆ. ಒಂದು ಪ್ರೊಜೆಕ್ಟರ್ ಇದ್ದರೆ ಸಾಕು, ಹಾರ ಶಾಲು ಬೇಡ.

ಇತಿ,
ನಿಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು
ವಿದ್ಯಾನಗರ, ಹಾಸನ