ದೂರು: ‘ಅನ್‌ಪಾಲಿಶ್ಡ್’ ಎಂದು ಮಾರಿದ, ಪಾಲಿಶ್ ಆಗಿರುವ ರಾಯಲ್ ಓಕ್ ಕ್ರೋನೋಗ್ರಾಫ್ ಬಗ್ಗೆ

ಗೆ,
ದೂರು ಪರಿಹಾರ ಅಧಿಕಾರಿಗಳು,
ಬಳಸಿದ ಐಷಾರಾಮಿ ವಾಚುಗಳ ಮಾರಾಟ ವಿಭಾಗ,
ಬೆಂಗಳೂರು

ದಿನಾಂಕ: 10 ನವೆಂಬರ್ 2025

ವಿಷಯ: ಸೆಪ್ಟೆಂಬರ್ 6ರಂದು ಖರೀದಿಸಿದ ವಾಚನ್ನು ವಾಪಸು ಪಡೆದು ಪೂರ್ಣ ಹಣ ಹಿಂದಿರುಗಿಸುವ ಕುರಿತು.

ಮಾನ್ಯರೇ,

ಈ ಪತ್ರಕ್ಕೆ ಮುಂಚೆ ಆರು ಫೋನು, ಮೂರು ಇಮೇಲು, ಎರಡು ಖುದ್ದು ಭೇಟಿ ಮುಗಿದಿವೆ. ಫೋನಿನಲ್ಲಿ ಆರು ಸಲವೂ ‘ಟೆಕ್ನಿಕಲ್ ಟೀಮ್ ನೋಡ್ತಾ ಇದೆ ಸಾರ್’ ಎಂಬ ಒಂದೇ ಮಾತು. ಇಮೇಲಿಗೆ ಅಷ್ಟೂ ಇಲ್ಲ. ದೂರು ತಲುಪಿತೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಎಂಬ 2020ರ ಇ-ಕಾಮರ್ಸ್ ನಿಯಮವನ್ನು ನಿಮ್ಮ ವೆಬ್‌ಸೈಟಿನ ಕೆಳತುದಿಯಲ್ಲಿ ನೀವೇ ಹಾಕಿಕೊಂಡಿದ್ದೀರಿ. ಅದನ್ನು ನಿಮಗೆ ಓದಿ ಹೇಳುವ ಅಗತ್ಯವಿಲ್ಲ ಎಂದುಕೊಳ್ಳುತ್ತೇನೆ. ನನ್ನ ಮೊದಲ ಇಮೇಲು ಹೋದದ್ದು ಸೆಪ್ಟೆಂಬರ್ 12ಕ್ಕೆ. ನಿಮ್ಮ ಏಳು ದಿನದ ತಪಾಸಣಾ ಅವಧಿಯ ಒಳಗೇ.

ವಸ್ತು ಯಾವುದೆಂದು ಮರೆತಿದ್ದರೆ: ಸ್ವಿಸ್ ಕಂಪನಿ ಓಡೆಮಾರ್ ಪಿಗೇಯ ರಾಯಲ್ ಓಕ್ ಕ್ರೋನೋಗ್ರಾಫ್ (ಸ್ಟಾಪ್‌ವಾಚ್ ಇರುವ ಕೈಗಡಿಯಾರ), ರೆಫರೆನ್ಸ್ 26331ಎಸ್‌ಟಿ, 41 ಮಿ.ಮೀ. ಉಕ್ಕಿನ ಕೇಸು, ನೀಲಿ ಡಯಲು, ವಾರಂಟಿ ಕಾರ್ಡಿನ ಪ್ರಕಾರ 2018ರದ್ದು. ನಿಮ್ಮ ವಿವರಣೆಯಲ್ಲಿದ್ದ ಪದಗಳು ನಾಲ್ಕು: ‘ಅನ್‌ಪಾಲಿಶ್ಡ್, ಫುಲ್ ಸೆಟ್, ಸರ್ವೀಸ್ಡ್, ವಾಟರ್ ಟೆಸ್ಟೆಡ್.’ ಬೆಲೆ 34,50,000 ರೂಪಾಯಿ. ಅದರ ಮೇಲೆ ಶೇ 1ರ ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಅಂತ 34,500. ಹತ್ತು ಲಕ್ಷ ಮೀರಿದ ಕೈಗಡಿಯಾರಕ್ಕೆ 2025ರ ಏಪ್ರಿಲ್ 22ರಿಂದ ಅದು ಕಡ್ಡಾಯ, ನನ್ನ ತಕರಾರಿಲ್ಲ. ತೆರಿಗೆಯಲ್ಲಿ ಒಂದು ಪೈಸೆ ಆಚೀಚೆ ಆಗದಂತೆ ನೋಡಿಕೊಂಡ ಕೈಗಳು ನಾಲ್ಕು ಪದ ಬರೆದು ನಾಲ್ಕನ್ನೂ ತಪ್ಪು ಬರೆದದ್ದು ಹೇಗೆ ಎಂಬುದಷ್ಟೇ ನನ್ನ ಪ್ರಶ್ನೆ.

ಮೊದಲು ಪಾಲಿಶ್. ‘ಅನ್‌ಪಾಲಿಶ್ಡ್’ ಎಂದರೆ ಕಾರ್ಖಾನೆಯಿಂದ ಬಂದ ಮೇಲ್ಮೈಯನ್ನು ಯಾರೂ ಮತ್ತೆ ಉಜ್ಜಿಲ್ಲ ಎಂದರ್ಥ. ವಿನ್ಯಾಸಕಾರ ಜೆರಾಲ್ಡ್ ಜೆಂಟಾ ರೂಪಿಸಿ, 1972ರಲ್ಲಿ ಮಾರುಕಟ್ಟೆಗೆ ಬಂದ ಈ ಆಕಾರದಲ್ಲಿ ಅಂಚೇ ಬೆಲೆ. ಎಂಟು ಮೂಲೆಯ ಬೆಜೆಲಿನ (ಗಾಜಿನ ಸುತ್ತಲಿನ ಚೌಕಟ್ಟಿನ) ಮೇಲ್ಮೈಯಲ್ಲಿ 12ರಿಂದ 6ರ ಕಡೆಗೆ ನೇರವಾಗಿ ಎಳೆದ ಸಣ್ಣ ಗೆರೆಗಳ ಸ್ಯಾಟಿನ್ ಕೆಲಸ ಇರುತ್ತದೆ. ಅದರ ಸುತ್ತ ಕನ್ನಡಿಯಂಥ ಇಳಿಜಾರು ಅಂಚು. ಇವೆರಡೂ ಕೂಡುವ ಗೆರೆ ಬ್ಲೇಡಿನ ಹಾಗೆ ಚೂಪಾಗಿರಬೇಕು. ನನ್ನ ವಾಚಿನಲ್ಲಿ ಆ ಗೆರೆ ತೊಳೆದಿಟ್ಟ ಸೋಪಿನ ಅಂಚಿನಂತಿದೆ. ಮೆತ್ತನೆಯ ಬಟ್ಟೆಯ ಬಫ್ ಚಕ್ರಕ್ಕೆ ಹಿಡಿದರೆ ಆಗುವುದೇ ಹೀಗೆ: ಬಟ್ಟೆ ಅಂಚಿನ ಎರಡೂ ಕಡೆ ಬಾಗಿಕೊಂಡು ಉಜ್ಜುತ್ತದೆ, ಮೂಲೆ ಮೊದಲು ಹೋಗುತ್ತದೆ. ಆಮೇಲೆ ಗೆರೆಗಳನ್ನು ಯಾರೋ ಕೈಯಲ್ಲಿ ಮರುಎಳೆದಿದ್ದಾರೆ. ಅವು ದಪ್ಪ, ಮೇಲಾಗಿ 2 ಗಂಟೆಯ ಮೂಲೆಯಲ್ಲಿ ಓರೆ. ಹೋದ ಉಕ್ಕು ವಾಪಸು ಬರುವುದಿಲ್ಲ. ಲೇಸರ್ ವೆಲ್ಡಿಂಗ್‌ನಲ್ಲಿ ಲೋಹ ತುಂಬಿ ಮತ್ತೆ ಕತ್ತರಿಸಬೇಕು, ಇಲ್ಲವೇ ಬೆಜೆಲನ್ನೇ ಬದಲಿಸಬೇಕು. ಗೀರು ಬಿದ್ದ ವಾಚಾಗಿದ್ದರೆ ಗೀರು ಬಿದ್ದದ್ದು ಎಂದು ಹೇಳಿಯೇ ಮಾರಬಹುದಿತ್ತು. ಗೀರಿಗೆ ಈ ಪೇಟೆಯಲ್ಲಿ ಯಾರೂ ಹೆದರುವುದಿಲ್ಲ, ಹೆದರುವುದು ನಿಮ್ಮಂಥವರ ಬಫ್ ಚಕ್ರಕ್ಕೆ.

ಸ್ಕ್ರೂಗಳ ವಿಷಯ ಇನ್ನೂ ಸ್ವಾರಸ್ಯ. ಬೆಜೆಲಿನ ಮೇಲಿನ ಎಂಟು ಬಿಳಿಚಿನ್ನದ ಸ್ಕ್ರೂಗಳು ತಿರುಗುವಂಥವಲ್ಲ. ಅವುಗಳ ಷಟ್ಕೋನ ತಲೆ ಷಟ್ಕೋನ ಗುಳಿಯಲ್ಲೇ ಕೂರುತ್ತದೆ, ಬಿಗಿಯುವುದು ಹಿಂಬದಿಯಿಂದ. ಆದ್ದರಿಂದಲೇ ಎಂಟರ ಸೀಳುಗಳೂ ಡಯಲಿನ ಸುತ್ತ ಒಂದೇ ವೃತ್ತದಲ್ಲಿ ಸಾಗುತ್ತವೆ. ನನ್ನದರಲ್ಲಿ ಏಳು ಸಾಗುತ್ತವೆ. ಎಂಟನೆಯದು 60 ಡಿಗ್ರಿ ಅಡ್ಡ ನಿಂತಿದೆ. ತಾನಾಗಿ ತಿರುಗಲಾಗದ ಸ್ಕ್ರೂ ಅಡ್ಡ ನಿಂತಿದೆಯೆಂದರೆ ಯಾರೋ ಅದನ್ನು ಹೊರತೆಗೆದು ಬೇಕಾಬಿಟ್ಟಿ ವಾಪಸಿಟ್ಟಿದ್ದಾರೆಂದೇ ಅರ್ಥ. ನಾಲ್ಕು ಸೀಳುಗಳಲ್ಲಿ ಪಾಲಿಶ್ ಮೇಣ ಒಣಗಿ ಕೂತಿದೆ. ಹಿಂಬದಿಯ ಬಿಗಿತಲೆಗಳಲ್ಲಿ ಮೂರಕ್ಕೆ ಅಳತೆ ಸೇರದ ಸ್ಕ್ರೂಡ್ರೈವರ್ ಜಾರಿದ ಗಾಯ. ಇಷ್ಟೂ 10 ಪಟ್ಟಿನ ಮಸೂರದಲ್ಲಿ ಕಾಣುತ್ತದೆ, ಎರಡು ನಿಮಿಷದ ಕೆಲಸ. ನಿಮ್ಮ ‘120 ಅಂಶಗಳ ತಪಾಸಣೆ’ಯಲ್ಲಿ ಇದು 121ನೆಯದಾಗಿರಬೇಕು.

ಹೀಗೆ ಬಿಚ್ಚಿ ಜೋಡಿಸಿದ್ದರ ನೇರ ಪರಿಣಾಮ ನೀರಿನ ತಡೆ. ಈ ಕೇಸಿನಲ್ಲಿ ಬೆಜೆಲಿಗೂ ಕೇಸಿಗೂ ನಡುವೆ ನೀರು ತಡೆಯುವ ಕಪ್ಪು ಪಟ್ಟಿ, ಅಂದರೆ ಗ್ಯಾಸ್ಕೆಟ್, ಇರುತ್ತದೆ, ಹೊರಗಿನಿಂದಲೇ ಗೆರೆಯಾಗಿ ಕಾಣುತ್ತದೆ. ಎಂಟೂ ಬಿಗಿತ ಸಮನಾಗಿ ಬೀಳದಿದ್ದರೆ ಅದು ಒಂದು ಕಡೆ ಚಿವುಟಿ, ಇನ್ನೊಂದು ಕಡೆ ಸಡಿಲಾಗುತ್ತದೆ. ಸ್ವತಂತ್ರ ವಾಚ್‌ಮೇಕರ್ ಒಬ್ಬರ ಬಳಿ, ಹಿಂಬದಿ ತೆರೆಯದೆ, ಗಾಳಿಯ ಒತ್ತಡದ ಯಂತ್ರದಲ್ಲಿ ಇಡಿಸಿದೆ. 50 ಮೀಟರ್ ಎಂದು ಘೋಷಿತವಾದ ಕೇಸು 2 ಬಾರ್‌ಗೇ (ಸುಮಾರು 20 ಮೀಟರಿನ ಒತ್ತಡಕ್ಕೇ) ಸೋರಿತು. ನೀರಿಗೆ ಇಳಿಸುವ ಪ್ರಶ್ನೆಯೇ ಇರಲಿಲ್ಲ. 40–45 ಡಿಗ್ರಿಯ ಬಿಸಿ ತಟ್ಟೆಯ ಮೇಲಿಟ್ಟು ಗಾಜಿನ ಮೇಲೆ ತಣ್ಣೀರಿನ ಹನಿ ಬಿಟ್ಟು, ಒಂದು ನಿಮಿಷ ಬಿಟ್ಟು ಒರೆಸಿ ನೋಡಿದ್ದಾಯಿತು. ಗಾಜಿನ ಒಳಗೆ ಮಂಜು ಕಟ್ಟಲಿಲ್ಲ. ಅಂದರೆ ತೇವ ಇನ್ನೂ ಒಳಗೆ ಹೋಗಿಲ್ಲ. ಅದು ನಿಮ್ಮ ಪುಣ್ಯವಲ್ಲ, ನಾನು ಆ ವಾಚನ್ನು ಮಳೆಯಲ್ಲಿ ಕಟ್ಟಿಲ್ಲದ ಪುಣ್ಯ.

ಬ್ರೇಸ್‌ಲೆಟ್. ಇದು ಕೇಸಿನದೇ ಮುಂದುವರಿಕೆ. ಮಾಮೂಲಿ ಕಿವಿಗಳಿಲ್ಲ, ಅಂಗಡಿಯ ಯಾವುದೋ ಬೆಲ್ಟು ತಂದು ಹಾಕುವಂತಿಲ್ಲ. ಕೊಂಡಿಯ ಕಡೆಗೆ ಹೋದಂತೆ ಲಿಂಕುಗಳು ಕಿರಿದಾಗುತ್ತ ಬರುವುದರಿಂದ ಪ್ರತಿ ಲಿಂಕಿಗೂ ತನ್ನದೇ ಜಾಗ. ನಿಮ್ಮವರು ಅಳತೆ ಮಾಡುವಾಗ ಎರಡನ್ನು ಅದಲುಬದಲು ಮಾಡಿದ್ದಾರೆ. ಅಂಚಿನ ಮೇಲೆ ಉಗುರು ಎಳೆದರೆ ಮೆಟ್ಟಿಲು ಸಿಗುತ್ತದೆ. ಆ ಲಿಂಕುಗಳ ಸ್ಕ್ರೂ ತಲೆಗಳೂ ತಿಂದುಹೋಗಿವೆ. ತೆಗೆದ ಎರಡು ಲಿಂಕುಗಳು ಪೆಟ್ಟಿಗೆಯಲ್ಲಿಲ್ಲ. ‘ಫುಲ್ ಸೆಟ್’ ಎಂದರೆ ಏನು ಎಂಬ ನಿಮ್ಮ ಷರತ್ತು 4ನ್ನು ನೀವೇ ಬರೆದದ್ದು.

ಇನ್ನು ಒಳಗಿನ ಯಂತ್ರ. ಕ್ಯಾಲಿಬರ್ 2385: ಆಟೋಮ್ಯಾಟಿಕ್, 304 ಬಿಡಿಭಾಗ, ಗಂಟೆಗೆ 21,600 ಬಡಿತ, ಕೀಲಿಯ 40 ಗಂಟೆಯ ಶೇಖರಣೆ, ಕ್ರೋನೋವನ್ನು ಶುರುಮಾಡಿ ನಿಲ್ಲಿಸುವ ಕಾಲಂ ವೀಲ್, ಅದನ್ನು ಯಂತ್ರಕ್ಕೆ ಜೋಡಿಸುವ ವರ್ಟಿಕಲ್ ಕ್ಲಚ್. ಈ ಮಾದರಿಯ ಹಿಂಬದಿ ಮುಚ್ಚಿದ ಉಕ್ಕು, ಆದ್ದರಿಂದ ಒಳಗಿನದು ಗ್ರಾಹಕನಿಗೆ ಕಾಣುವುದಿಲ್ಲ ಎಂಬ ಧೈರ್ಯ ನಿಮ್ಮದಿರಬಹುದು. ಆದರೆ ವಾಚಿನ ಬಡಿತ ಕೇಳಿ ಅಳೆಯುವ ಟೈಮ್‌ಗ್ರಾಫರ್‌ಗೆ ಕಣ್ಣು ಬೇಡ, ಕಿವಿ ಸಾಕು. ಪೂರ್ತಿ ಕೀಲಿ ಕೊಟ್ಟು ಡಯಲು ಮೇಲೆ ಮಾಡಿ ಇಟ್ಟರೆ ಆಂಪ್ಲಿಟ್ಯೂಡ್, ಅಂದರೆ ಒಳಗಿನ ಬ್ಯಾಲೆನ್ಸ್ ಚಕ್ರ ತೂಗುವ ಕೋನ, 238 ಡಿಗ್ರಿ. ಈಗಷ್ಟೇ ಸರ್ವೀಸ್ ಆದ ಯಂತ್ರ 270ರ ಮೇಲಿರಬೇಕು. ಕ್ರೋನೋ ಓಡಿಸಿದರೆ 194ಕ್ಕೆ ಬೀಳುತ್ತದೆ. ವರ್ಟಿಕಲ್ ಕ್ಲಚ್ಚಿನ ದೊಡ್ಡ ಅನುಕೂಲವೇ ಕ್ರೋನೋ ಹಾಕಿದರೂ ಬಡಿತ ಸೊರಗದಿರುವುದು. ಇಷ್ಟು ಬೀಳುತ್ತದೆಂದರೆ ಎಣ್ಣೆ ಒಣಗಿದೆ ಎಂಬುದು ಮೊದಲ ಅನುಮಾನ. ರಿಸೆಟ್ ಒತ್ತಿದರೆ ದೊಡ್ಡ ಮುಳ್ಳು 12ರ ಗೆರೆಯನ್ನು ಅರ್ಧ ಸೆಕೆಂಡು ದಾಟಿ ನಿಲ್ಲುತ್ತದೆ. ಮುಳ್ಳನ್ನು ಕಿತ್ತು ಮತ್ತೆ ಕೂರಿಸಿದವರು ಸೊನ್ನೆಗೆ ಸರಿಯಾಗಿ ಕೂರಿಸಿಲ್ಲ. ನೀವು ಕೊಟ್ಟ ‘ಸರ್ವೀಸ್ ಸರ್ಟಿಫಿಕೇಟ್’ನಲ್ಲಿ ಬದಲಾಯಿಸಿದ ಭಾಗಗಳ ಪಟ್ಟಿಯಿಲ್ಲ, ಗ್ಯಾಸ್ಕೆಟ್‌ನ ಮಾತಿಲ್ಲ, ಆಂಪ್ಲಿಟ್ಯೂಡ್ ಅಂಕಿಯಿಲ್ಲ. ಚಿನ್ನದ ಬಣ್ಣದ ಅಂಚುಪಟ್ಟಿ ಮಾತ್ರ ಬಹಳ ಚೆನ್ನಾಗಿದೆ.

ಇನ್ನು ನವೆಂಬರ್ 8ರ ಶನಿವಾರದ ಭೇಟಿ. ಇದನ್ನು ಚುಟುಕಾಗಿ ಬರೆಯಬೇಕೆಂದು ಕೂತೆ, ಆಗುತ್ತಿಲ್ಲ. ನಿಮ್ಮ ಮೊದಲ ಮಹಡಿಯ ಶೋರೂಮು, ಬೆಳಿಗ್ಗೆ 11.20. ಎಡಗಡೆ ಸೋಫಾದಲ್ಲಿ ಒಂದು ಕುಟುಂಬ, ಕೌಂಟರಿನಲ್ಲಿ ಇನ್ನಿಬ್ಬರು ಗ್ರಾಹಕರು. ನಾನು ಮಸೂರ ತೆಗೆದ ಕೂಡಲೇ ನಿಮ್ಮ ರಿಲೇಶನ್‌ಶಿಪ್ ಮ್ಯಾನೇಜರ್ ಎಲ್ಲರಿಗೂ ಕೇಳುವಂತೆ, ‘ಸಾರ್, ಇದು ನಿಮ್ಮ ಫಸ್ಟ್ ಲಕ್ಷುರಿ ವಾಚಾ?’ ಎಂದರು. ಹೌದೋ ಅಲ್ಲವೋ ಎಂಬುದಕ್ಕೂ ಅಡ್ಡ ನಿಂತ ಸ್ಕ್ರೂಗೂ ಏನು ಸಂಬಂಧ ಎಂದು ಕೇಳಿದೆ. ‘ಹ್ಯಾಂಡ್‌ಮೇಡ್ ಅಲ್ವಾ ಸಾರ್, ಒಂದೊಂದು ಪೀಸ್ ಒಂದೊಂದು ಥರ ಇರುತ್ತೆ’ ಎಂದರು. 4 ಗಂಟೆಯ ಪುಷರ್‌ನ (ಕ್ರೋನೋದ ಗುಂಡಿಯ) ತಿರುಪು ಲಾಕು ಅರ್ಧ ಸುತ್ತಿಗೇ ಕಚ್ಚಿಕೊಳ್ಳುತ್ತದೆ, ತಿರುಪಿನ ಎಳೆ ಹೋಗಿದೆ ಎಂದೆ. ಅವರು 2 ಗಂಟೆಯ ಪುಷರ್ ಮೇಲೆ ಹೆಬ್ಬೆರಳಿಟ್ಟು ಒತ್ತಿದರು. ಲಾಕು ಹಾಕಿದ್ದ ಹಾಗೇ ಒತ್ತಿದರು. ಅದು ಅಲುಗಲಿಲ್ಲ, ಅಲುಗಲೂ ಬಾರದು. ‘ನೋಡಿ ಸಾರ್, ಟೈಟ್ ಇದೆ, ಹೊಸದರ ಹಾಗೇ ಇದೆ’ ಎಂದರು. ಈ ಮಾದರಿಯಲ್ಲಿ ಮೊದಲು ಲಾಕು ಬಿಚ್ಚಬೇಕು, ಆಮೇಲೆ ಒತ್ತಬೇಕು ಎಂದು ನಾನೇ ಬಿಚ್ಚಿ ತೋರಿಸಿದೆ. ಸೋಫಾದ ಮಗು ನಕ್ಕಿತು.

ಆಮೇಲೆ ಬಂತು ಟೈಮ್‌ಗ್ರಾಫರ್. ಕೀಲಿ ಕೊಡದೆ, ಆಂಪ್ಲಿಟ್ಯೂಡ್ ಲೆಕ್ಕಕ್ಕೆ ಬೇಕಾದ ಲಿಫ್ಟ್ ಆ್ಯಂಗಲ್ ಹೊಂದಿಸದೆ, ಯಂತ್ರದ ಡಿಫಾಲ್ಟ್ 52ಕ್ಕೇ ಬಿಟ್ಟು ವಾಚಿಟ್ಟರು. ಪರದೆಯಲ್ಲಿ 21600 ಎಂದು ಮೂಡಿತು. ‘ಟ್ವೆಂಟಿ ಒನ್ ಥೌಸಂಡ್ ಸಿಕ್ಸ್ ಹಂಡ್ರೆಡ್ ಬರ್ತಿದೆ ಸಾರ್, ಫುಲ್ ಮಾರ್ಕ್ಸ್!’ ಎಂದು ಪಕ್ಕದ ಗ್ರಾಹಕರ ಕಡೆ ತಿರುಗಿ ನಕ್ಕರು. ಮಾನ್ಯರೇ, ಅದು ಮಾರ್ಕ್ಸ್ ಅಲ್ಲ. ಗಂಟೆಗೆ ಎಷ್ಟು ಬಡಿತದ ಯಂತ್ರ ಎಂಬುದನ್ನು ಟೈಮ್‌ಗ್ರಾಫರ್ ಗುರುತು ಹಿಡಿದದ್ದು, ಅಷ್ಟೇ. ಪಕ್ಕದ ಅಂಕಿ ಆಂಪ್ಲಿಟ್ಯೂಡ್, 221. ಅದನ್ನು ಬೆರಳಿಟ್ಟು ತೋರಿಸಿದಾಗ ಬಂದ ಉತ್ತರ: ‘ಸಾರ್, ಇದು ಎಚ್‌ಎಂಟಿ ಅಲ್ಲ. ಹಾಕ್ಕೊಂಡು ಎಂಜಾಯ್ ಮಾಡಿ, ಹೀಗೆ ಭೂತಗನ್ನಡಿ ಇಟ್ಕೊಂಡು ನೋಡ್ತಾ ಕೂತ್ರೆ ಯಾವ ವಾಚೂ ಚೆನ್ನಾಗಿರಲ್ಲ.’

ನಿಜ, ಇದು ಎಚ್‌ಎಂಟಿ ಅಲ್ಲ. 1961ರಲ್ಲಿ ಇದೇ ಬೆಂಗಳೂರಿನಲ್ಲಿ ಸಿಟಿಜನ್ ಸಹಯೋಗದಲ್ಲಿ ಶುರುವಾದ ಕಾರ್ಖಾನೆಯ 17 ಜ್ಯುವೆಲ್‌ನ ಜನತಾ ವಾಚನ್ನು ಯಾರೂ ‘ಅನ್‌ಪಾಲಿಶ್ಡ್’ ಎಂದು 34 ಲಕ್ಷಕ್ಕೆ ಮಾರಲಿಲ್ಲ. ಆ ಹೆಸರನ್ನು ಬೈಗುಳದಂತೆ ಬಳಸುವ ಮೊದಲು ನಿಮ್ಮವರು ಕೀಲಿ ಕೊಡುವುದನ್ನಾದರೂ ಕಲಿಯಲಿ. ಕೊನೆಗೆ ‘ಗುಡ್‌ವಿಲ್’ ಎಂದು ನನ್ನ ಕೈಗೆ ಒಂದು ಮೈಕ್ರೋಫೈಬರ್ ಬಟ್ಟೆ ಕೊಟ್ಟರು. ಒರೆಸಿಕೊಳ್ಳಲು. ಏನನ್ನು ಎಂದು ಹೇಳಲಿಲ್ಲ. ಟೆಕ್ನಿಕಲ್ ಟೀಮನ್ನು ನೋಡಬೇಕೆಂದಾಗ ‘ನಾನೇ ಸಾರ್’ ಎಂದರು. ಎರಡು ತಿಂಗಳಿಂದ ನನ್ನ ವಾಚನ್ನು ‘ನೋಡ್ತಾ’ ಇದ್ದದ್ದು ಇವರೇ.

ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆಯನ್ನು ಬರೆಯಬಾರದೆಂದಿದ್ದೆ. ಬರೆದಾಯಿತು, ಇರಲಿ.

ನನಗೆ ಬೇಕಾದದ್ದು ಪೂರ್ಣ ಮೊತ್ತ, ತಪಾಸಣೆಯ ಶುಲ್ಕ, ಮತ್ತು ಟಿಸಿಎಸ್ ದಾಖಲೆಯ ಸರಿಯಾದ ಇತ್ಯರ್ಥ. ‘ಫ್ರೀ ಸರ್ವೀಸ್ ಮಾಡಿಕೊಡುತ್ತೇವೆ’ ಎಂಬ ಮಾತು ಬೇಡ. ಸ್ಕ್ರೂ ಅಡ್ಡ ಕೂರಿಸಿದ ಅದೇ ಕೈಗೆ 304 ಬಿಡಿಭಾಗ ಬಿಚ್ಚಲು ಕೊಡುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಸ್ಟೋರ್ ಕ್ರೆಡಿಟ್ಟೂ ಬೇಡ. ಪತ್ರ ತಲುಪಿದ 15 ದಿನದೊಳಗೆ ಹಣ ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 35ರಡಿ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ. ಕೊಟ್ಟ ಬೆಲೆ 50 ಲಕ್ಷದೊಳಗಿರುವುದರಿಂದ ದೂರು ಇಲ್ಲೇ ನಡೆಯುತ್ತದೆ, ಎರಡು ವರ್ಷದ ಕಾಲಮಿತಿಯಲ್ಲಿ ನನಗೆ ಧಾರಾಳ ಸಮಯವಿದೆ. ನಿಮ್ಮ ಜಾಹೀರಾತಿನ ಸ್ಕ್ರೀನ್‌ಶಾಟ್ ದಿನಾಂಕ ಸಹಿತ ಇದೆ. ನಿನ್ನೆ ರಾತ್ರಿ ನೀವು ಅದರಿಂದ ‘ಅನ್‌ಪಾಲಿಶ್ಡ್’ ಪದ ತೆಗೆದದ್ದರ ಸ್ಕ್ರೀನ್‌ಶಾಟೂ ಇದೆ. ಆ ಬಟ್ಟೆಯನ್ನೂ ಲಗತ್ತಿಸುತ್ತೇನೆ.

ಅಲ್ಲಿಯವರೆಗೆ ಪ್ರತಿ ಶನಿವಾರ 11 ಗಂಟೆಗೆ ನಿಮ್ಮ ಶೋರೂಮಿನ ಸೋಫಾದಲ್ಲಿ ಕೂತಿರುತ್ತೇನೆ. ಜಗಳವಾಡುವುದಿಲ್ಲ, ದನಿ ಏರಿಸುವುದಿಲ್ಲ. ಮಸೂರ ತಂದಿರುತ್ತೇನೆ. ಯಾವ ಗ್ರಾಹಕರು ಕೇಳಿದರೂ ಎಂಟು ಸೀಳುಗಳನ್ನು ಎಣಿಸುವುದು ಹೇಗೆ, ಲಾಕು ಬಿಚ್ಚಿ ಪುಷರ್ ಒತ್ತುವುದು ಹೇಗೆ ಎಂದು ತೋರಿಸಿಕೊಡುತ್ತೇನೆ. ನಿಮ್ಮ ಟೆಕ್ನಿಕಲ್ ಟೀಮ್ ಬಿಡುವಾಗಿದ್ದರೆ ಅವರೂ ಬಂದು ಕೂರಬಹುದು.

ಇತಿ,
ನಿಮ್ಮ ಗ್ರಾಹಕ
(ಇನ್‌ವಾಯ್ಸ್ ಪ್ರತಿ, ತಪಾಸಣಾ ವರದಿ ಮತ್ತು 23 ಫೋಟೋಗಳನ್ನು ಲಗತ್ತಿಸಿದೆ)