ಮರಿಗಳು ಹುಲ್ಲಿಗೆ ಇಳಿದವು, ಅಮ್ಮ

ಸ್ಕೋನೆ, ಸ್ವೀಡನ್
ಮೇ 19

ಅಮ್ಮನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಅಪ್ಪನ ಮಂಡಿನೋವು ಹೇಗಿದೆ? ಮನೆಯೊಡತಿ ಅಜ್ಜಿಯ ಹೆಬ್ಬಾತು ಮರಿ ಮಾಡಿತಾ ಅಂತ ಫೋನಿನಲ್ಲಿ ಕೇಳಿದ್ದೆ ಅಲ್ವಾ? ಮಾಡಿತು, ಏಳು ಮರಿ! ಇವತ್ತು ಮೊದಲ ಸಲ ಕಡಲಂಚಿನ ಹುಲ್ಲಿಗೆ ಇಳಿದವು.

ಹೋದ ವರ್ಷದ ಸಂಗತಿ ನಿನಗೆ ಹೇಳಿರಲಿಲ್ಲ. ಆಗ ಮೊಟ್ಟೆಗಳನ್ನು ಯಂತ್ರದಲ್ಲಿಟ್ಟು ಮರಿ ಮಾಡಿಸಿದ್ದೆ. ನಾಲ್ಕನೇ ದಿನಕ್ಕೇ ಹೊರಗೆ ಬಿಟ್ಟೆ. ನೀರಿನ ಹಕ್ಕಿ, ಮಳೆ ಏನು ಮಾಡುತ್ತೆ ಅಂದುಕೊಂಡೆ. ಜಿನುಗು ಮಳೆ, ಜೊತೆಗೆ ಕಡಲ ಗಾಳಿ. ಓಡಿಹೋಗಿ ಎತ್ತಿಕೊಳ್ಳುವಷ್ಟರಲ್ಲಿ ತುಪ್ಪಳ ನೆನೆದು ಮೈಗೆ ಅಂಟಿಕೊಂಡಿತ್ತು. ಐದರಲ್ಲಿ ಮೂರು ಉಳಿಯಲಿಲ್ಲ. ಒಂದು ನನ್ನ ಅಂಗೈಯಲ್ಲೇ ಹೋಯಿತು. ಗರಿ ಮೂಡುವವರೆಗೆ ಮರಿಗೆ ತಾಯಿಯ ರೆಕ್ಕೆ ಬೇಕು ಅಮ್ಮ. ಅದು ಇಲ್ಲದಿದ್ದರೆ ನಾವೇ ಬೆಚ್ಚಗಿಡಬೇಕು.

ಈ ಸಲ ಹೆಣ್ಣನ್ನೇ ಕಾವಿಗೆ ಕೂರಿಸಿದೆವು. ಸುಮಾರು 30 ದಿನ. ತನ್ನ ಎದೆಯ ತುಪ್ಪಳವನ್ನೇ ಕಿತ್ತು ಗೂಡಿಗೆ ಹಾಸಿತ್ತು. ನೀರಿಗೆ ಏಳುವಾಗ ಅದನ್ನೇ ಮೊಟ್ಟೆಗಳ ಮೇಲೆ ಎಳೆದು ಮುಚ್ಚಿ ಹೋಗುತ್ತಿತ್ತು. ಗಂಡು ಪಕ್ಕದಲ್ಲೇ ಕಾವಲು ನಿಂತು, ಅಜ್ಜಿಯೊಬ್ಬರನ್ನು ಬಿಟ್ಟು ಯಾರನ್ನೂ ಹತ್ತಿರ ಸೇರಿಸಲಿಲ್ಲ. ಕೋಳಿ ಕಾವಿಗೆ ಕೂತಾಗ ನೀನು ನಮ್ಮನ್ನು ಆ ಕಡೆ ಸುಳಿಯಲು ಬಿಡುತ್ತಿರಲಿಲ್ಲ. ಯಾಕೆ ಅಂತ ಈಗ ಗೊತ್ತಾಯಿತು.

ಮೀನಿನ ದೋಣಿಗಳನ್ನು ಎಳೆದಿಟ್ಟಿರುವ ಜಾಗದ ಹಿಂದೆಯೇ ಹುಲ್ಲುಗಾವಲು. ಇವು ಈ ಸೀಮೆಯದೇ ತಳಿ, ಬೂದು ಬಿಳುಪು ಮಚ್ಚೆಯವು. ಕೊಕ್ಕಿನ ಅಂಚು ಗರಗಸದ ಹಾಗೆ. ಹುಲ್ಲನ್ನು ಕಚ್ಚಿ ಪಕ್ಕಕ್ಕೆಳೆದಾಗ ಚರಕ್ ಅನ್ನುತ್ತೆ. ಒಂದು ವಾರದ ಮರಿಯೂ ಹಾಗೇ ಎಳೆದು, ಹುಲ್ಲು ಕಿತ್ತು ಬಂದ ಜೋರಿಗೆ ಹಿಂದಕ್ಕೆ ಕೂತುಬಿಟ್ಟಿತು! ಬಾತುಕೋಳಿಗಳಿಗೆ ಹುಲ್ಲಿನ ಆಸೆ ಅಷ್ಟಿಲ್ಲ, ಹುಳ ಹುಡುಕಿ ಕಾಲುವೆಯ ಕೆಸರಿಗೆ ಹೋಗುತ್ತವೆ. ಎಲ್ಲಕ್ಕೂ ಸಿಹಿನೀರು ಬೇಕು. ದಿನಾ ಬೆಳಿಗ್ಗೆ ತಲೆ ಪೂರ್ತಿ ಮುಳುಗುವಷ್ಟು ಆಳದ ತೊಟ್ಟಿ ತುಂಬುವುದು ನನ್ನ ಕೆಲಸ. ಕಣ್ಣು, ಮೂಗು ತೊಳೆದುಕೊಳ್ಳಲು ಅಷ್ಟು ಬೇಕೇ ಬೇಕು. ಮರಿಗಳಿಗೆ ಮಾತ್ರ ಬೇರೆ, ಅಗಲ ತಟ್ಟೆ.

ನವೆಂಬರ್ 10ರ ರಾತ್ರಿ ಇಲ್ಲಿ ಹೆಬ್ಬಾತಿನ ಊಟದ ಹಬ್ಬ. ಅಜ್ಜಿ ಕೆಲವನ್ನು ಮಾರುತ್ತಾರೆ, ಅದು ಅವರ ಜೀವನ. ಈ ಜೋಡಿಯನ್ನು ಮಾತ್ರ ಕೊಡಬೇಡಿ ಅಂತ ಕೇಳಿಕೊಂಡೆ. ಒಪ್ಪಿದರು.

ರಾತ್ರಿ ಒಂಬತ್ತಾದರೂ ಇನ್ನೂ ಬೆಳಕಿದೆ. ನರಿ ಬರುವ ಹೊತ್ತು. ಏಳೂ ಇವೆಯಾ ಅಂತ ಎಣಿಸಿ ಒಳಗೆ ಕೂಡಿ ಬರುತ್ತೇನೆ.

ನಿನ್ನ
ಪುಟ್ಟ